ಮೂರು ವರ್ಷದ ಮಗುವಿನ ಕಲಿಕೆಗೂ ಕಾಯ್ದೆಯ ಹಣ ಬೇಕು: ಗದಗ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ಸಾದರ ನಮಸ್ಕಾರಗಳು.

ರೋಣ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲ ಒಂದನೆಯ ತರಗತಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು. ಬಜೆಟ್ ಸಿದ್ಧತೆಯ ಸಭೆಗಳಲ್ಲಿ ತಾವು ನಮ್ಮ ಜಿಲ್ಲೆಯ ಪರವಾಗಿ ಮಾತನಾಡುವಾಗ ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆಯ ವಿಷಯವನ್ನು ಎತ್ತಬೇಕು, ಅದಕ್ಕೆ ಬೇಕಾದ ಹಣ ವರ್ಷಕ್ಕೊಮ್ಮೆ ಬದಲಾಗುವ ಯೋಜನೆಯ ಮರ್ಜಿಗೆ ಬೀಳದೆ ಕಾಯ್ದೆಯ ಬಾಧ್ಯತೆಯಾಗಿ ಬರುವಂತೆ ಮಾಡಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಬಂದು ಕೂರುವ ಮಕ್ಕಳ ನಡುವಿನ ಅಂತರ ಆ ದಿನ ಹುಟ್ಟಿದ್ದಲ್ಲ. ಒಂದು ಮಗು ಚಿತ್ರದ ಪುಸ್ತಕವನ್ನು ನೆಟ್ಟಗೆ ಹಿಡಿದು ಹಾಳೆ ತಿರುವುತ್ತದೆ, ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ಮರಳಿ ಹೇಳುತ್ತದೆ. ಅದರ ಪಕ್ಕದಲ್ಲೇ ಕೂತ ತಾಂಡಾದ ಮಗು, ಮನೆಯಲ್ಲಿ ಲಂಬಾಣಿ ಮಾತಾಡಿ ಬೆಳೆದದ್ದು, ಶಿಕ್ಷಕಿಯ ಕನ್ನಡವನ್ನು ತಿಳಿದುಕೊಳ್ಳುವುದಕ್ಕೇ ದೀಪಾವಳಿಯವರೆಗೆ ಹೆಣಗುತ್ತದೆ. ಆ ಮಗುವಿನಲ್ಲಿ ಬುದ್ಧಿಯ ಕೊರತೆ ಎಳ್ಳಷ್ಟೂ ಇಲ್ಲ. ಅದರ ಜೊತೆ ಕೂತು ಮಾತಾಡಿದವರು, ಹಾಡಿಸಿದವರು, ಹುಣಸೆ ಬೀಜ ಕೊಟ್ಟು ಎಣಿಸಲು ಕಲಿಸಿದವರು ಆ ಮೂರು ವರ್ಷಗಳಲ್ಲಿ ಯಾರೂ ಇರಲಿಲ್ಲ, ಅಷ್ಟೆ. ನಲಿ-ಕಲಿ ಕೊಠಡಿಯಲ್ಲಿ ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳುವ ಒಬ್ಬ ಶಿಕ್ಷಕಿ ಕಳೆದುಹೋದ ಆ ವರ್ಷಗಳನ್ನು ತುಂಬಿಕೊಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಇದಕ್ಕೆ ಅಂಗನವಾಡಿ ಕಾರ್ಯಕರ್ತೆಯನ್ನು ದೂರುವುದೂ ನ್ಯಾಯವಲ್ಲ. ಮುನ್ಸೂಚನೆ ಕೊಡದೆ ಒಮ್ಮೆ ಬೆಳಿಗ್ಗೆ ಹತ್ತೂವರೆಗೆ ಯಾವುದಾದರೂ ಕೇಂದ್ರಕ್ಕೆ ಹೋಗಿ ತಾವೇ ನೋಡಬೇಕು. ಸಹಾಯಕಿ ಒಳಗೆ ಮೊಟ್ಟೆ ಬೇಯಲು ಇಟ್ಟಿರುತ್ತಾಳೆ. ಕಾರ್ಯಕರ್ತೆ ಪೋಷಣ್ ಟ್ರ್ಯಾಕರಿನಲ್ಲಿ ಹಾಜರಿ ತುಂಬಲು ಮೊಬೈಲ್ ಹಿಡಿದು, ನೆಟ್‌ವರ್ಕ್ ಸಿಗುವ ಕಿಟಕಿಯ ಹತ್ತಿರ ನಿಂತಿರುತ್ತಾಳೆ. ಅಷ್ಟರಲ್ಲಿ ಬಸುರಿ ಹೆಣ್ಣುಮಗಳೊಬ್ಬಳು ತಾಯಿ ಕಾರ್ಡ್ ಹಿಡಿದು ಬರುತ್ತಾಳೆ, ಅವಳ ತೂಕ ನೋಡಿ ಬರೆದುಕೊಳ್ಳಬೇಕು. ‘ಚಿಲಿಪಿಲಿ’ ಚಟುವಟಿಕೆಯ ಪುಸ್ತಕ ಕಪಾಟಿನಲ್ಲಿರುತ್ತದೆ. ಗೋಡೆಗೆ ಒರಗಿ ಕೂತ ಮಕ್ಕಳು ಅವರಲ್ಲೇ ದೊಡ್ಡ ಹುಡುಗಿಯೊಬ್ಬಳು ಹೇಳಿಕೊಟ್ಟ ಹಾಡನ್ನೇ ಮತ್ತೆ ಮತ್ತೆ ಹೇಳುತ್ತಿರುತ್ತವೆ. 1975ರ ಅಕ್ಟೋಬರ್ 2ರಂದು ಆರಂಭವಾಗಿ, ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಿಂದ ಹೊರಟ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಆರು ಸೇವೆಗಳಲ್ಲಿ ಐದು ಪೋಷಣೆ ಮತ್ತು ಆರೋಗ್ಯಕ್ಕೆ ಸೇರಿದವು, ಒಂದು ಮಾತ್ರ ಶಾಲಾಪೂರ್ವ ಶಿಕ್ಷಣ. ಆ ಐದು ಸೇವೆಗಳಿಂದ ಉಳಿದ ಮಕ್ಕಳ ಜೀವಗಳಿಗೆ ಬೆಲೆ ಕಟ್ಟಲಾಗದು. ಆದರೆ ಆರನ್ನೂ ಒಬ್ಬ ಹೆಣ್ಣುಮಗಳ ತಲೆಯ ಮೇಲೆ ಹೊರಿಸಿದರೆ ಮೊದಲು ಜಾರಿಹೋಗುವುದು ಕಲಿಕೆಯೇ. ಅದಕ್ಕೆ ಮೇಲಿನವರು ಕೇಳುವ ಲೆಕ್ಕವೂ ಕಡಿಮೆ.

ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. “ಅಕ್ಕೋರ, ಅಂಗನವಾಡಿಗೆ ಕಳಿಸಿದ್ರ ಉಂಡು ಬರತೈತ್ರಿ, ಕಲಿಯೂದು ಎಲ್ಲಿಂದ ಬರಬೇಕ್ರಿ?” ಎಂದು ಕೇಳಿದ ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಮಗನನ್ನು ಕಾನ್ವೆಂಟಿನ ಎಲ್‌ಕೆಜಿಗೆ ಹಾಕಿದಳು. ಕೂಲಿಯ ದುಡ್ಡಿನಲ್ಲಿ ಶಾಲೆಯ ವ್ಯಾನಿನ ಬಾಡಿಗೆ ಕಟ್ಟುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಈಗ ಅಪರೂಪವಲ್ಲ. ಸಾಲ ಹುಟ್ಟದ ಮನೆಯ ಮಗು ಹಿಂದೆಯೇ ಉಳಿಯುತ್ತದೆ. 2025-26ರ ಪ್ರವೇಶದ ಸಮಯದಲ್ಲಿ ಸರ್ಕಾರ ಒಂದನೆಯ ತರಗತಿಯ ಆರು ವರ್ಷದ ನಿಯಮವನ್ನು ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿ, ಯುಕೆಜಿ ಮುಗಿಸಿರಬೇಕೆಂಬ ಷರತ್ತು ಹಾಕಿತು. ಶಾಲೆಗೆ ಮುಂಚಿನ ಕಲಿಕೆ ಮಗುವಿಗೆ ಅಗತ್ಯವೆಂದು ಸರ್ಕಾರವೇ ಹೀಗೆ ಆದೇಶದಲ್ಲಿ ಒಪ್ಪಿಕೊಂಡ ಮೇಲೆ, ಅದನ್ನು ಎಲ್ಲ ಮಕ್ಕಳಿಗೂ ಒದಗಿಸುವ ಹೊಣೆಯನ್ನು ಪಾಲಕರ ಜೇಬಿಗೆ ಬಿಡುವುದು ಹೇಗೆ ಸರಿಯಾದೀತು?

ಕಾಯ್ದೆಯ ಮಾತು ತಮಗೆ ನನಗಿಂತ ಚೆನ್ನಾಗಿ ತಿಳಿದಿದೆ. ಸಂವಿಧಾನದ ಮೂಲ 45ನೇ ವಿಧಿ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ಶಿಕ್ಷಣದ ಮಾತನ್ನಾಡಿತ್ತು. ಆರು ವರ್ಷದ ಕೆಳಗಿನವರನ್ನು ಅದು ಹೊರಗಿಟ್ಟಿರಲಿಲ್ಲ. 2002ರ 86ನೇ ತಿದ್ದುಪಡಿಯಲ್ಲಿ ಆರರಿಂದ ಹದಿನಾಲ್ಕರವರಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು, ಆರರ ಕೆಳಗಿನವರ ಪಾಲಿಗೆ ಸರ್ಕಾರ ಪ್ರಯತ್ನಿಸಬೇಕೆಂಬ ನಿರ್ದೇಶನವಷ್ಟೇ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಕೂಡ ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆಯನ್ನು ಸರ್ಕಾರ ಮಾಡಬಹುದು ಎನ್ನುತ್ತದೆಯೇ ಹೊರತು ಮಾಡಲೇಬೇಕು ಎನ್ನುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಅಂಗನವಾಡಿ ನೌಕರರಿಗೆ ಗ್ರಾಚ್ಯುಟಿ ಕೊಡಬೇಕೆಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಅಂಗನವಾಡಿಗಳು ಇದೇ 11ನೇ ಸೆಕ್ಷನ್ನಿನ ಕೆಲಸವನ್ನು ಮಾಡುತ್ತಿವೆ ಎಂಬುದನ್ನು ಗುರುತಿಸಿತು. ಶಿಕ್ಷಣ ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಆ ಸಡಿಲ ಮಾತನ್ನು ಕರ್ನಾಟಕದ ಮಟ್ಟಿಗೆ ಗಟ್ಟಿ ಮಾಡಲು ನಮ್ಮ ವಿಧಾನಮಂಡಲಕ್ಕೆ ದಾರಿಯಿದೆ.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಬಂದವು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದ ಪೂರ್ವ ಪ್ರಾಥಮಿಕ ತರಗತಿ ತೆರೆಯಲು ಹೊರಟಾಗ, ಅಂಗನವಾಡಿಗಳು ಖಾಲಿಯಾಗುತ್ತವೆಂದು ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕ ಸಹಜವಾದದ್ದು. ನಮ್ಮ ಗಜೇಂದ್ರಗಡದ ಆಚೆ ಕೊಪ್ಪಳ ಜಿಲ್ಲೆಯ ಮಗುವಿಗೆ ಮಂಡಳಿಯ ಹಣವಿದೆ, ಈಚೆ ಇರುವ ಮಗುವಿಗೆ ಅದಿಲ್ಲ. ಜಿಲ್ಲೆಯ ಗಡಿ ನೋಡಿ ಮಗುವಿನ ಕಲಿಕೆ ನಿರ್ಧಾರವಾಗಬಾರದು. ಹೊಸ ತರಗತಿಗಳನ್ನು ಬೇರೆಡೆ ತೆರೆಯುವುದಕ್ಕಿಂತ, ಈಗಾಗಲೇ ಓಣಿಗೊಂದರಂತೆ ಇರುವ ಅಂಗನವಾಡಿಗೇ ಶಿಶುಶಿಕ್ಷಣದಲ್ಲಿ ತರಬೇತಿ ಪಡೆದ ಎರಡನೆಯ ಶಿಕ್ಷಕಿಯನ್ನು ಕೊಡುವುದು ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಮೂರು ವರ್ಷದ ಮಗು ನಡೆದು ಹೋಗಬಲ್ಲ ದೂರದಲ್ಲಿರುವುದು ಅದೊಂದೇ.

ಹಣವನ್ನು ಕಾಯ್ದೆಯಲ್ಲೇ ಕಟ್ಟಿಹಾಕಲು ಸಾಧ್ಯವೆಂಬುದಕ್ಕೆ ಅಮೆರಿಕದ ಓಕ್ಲಹೋಮಾ ರಾಜ್ಯ ಉದಾಹರಣೆ. ಗೋಧಿ, ದನಕರು, ತೈಲ ನಂಬಿದ ಆ ರಾಜ್ಯ ಅಲ್ಲಿಯ ಸಿರಿವಂತ ರಾಜ್ಯಗಳ ಸಾಲಿನದಲ್ಲ. 1998ರಲ್ಲಿ ಅದು ಶಾಲೆಗಳಿಗೆ ಮಕ್ಕಳ ತಲೆಲೆಕ್ಕದಲ್ಲಿ ಅನುದಾನ ಹಂಚುವ ಸೂತ್ರದೊಳಗೆ ನಾಲ್ಕು ವರ್ಷದ ಎಲ್ಲ ಮಕ್ಕಳನ್ನೂ ಸೇರಿಸಿತು. ಸೇರಿಸುವುದು ಬಿಡುವುದು ಪಾಲಕರ ಇಚ್ಛೆ. ಶಿಕ್ಷಕರು ಪದವೀಧರರಾಗಿದ್ದು ಶಿಶುಶಿಕ್ಷಣದ ಅರ್ಹತೆ ಪಡೆದಿರಬೇಕು, ಸಂಬಳ ಉಳಿದ ಶಾಲಾ ಶಿಕ್ಷಕರಂತೆಯೇ. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಅದೇ ದೇಶದ ಟೆನೆಸ್ಸಿ ರಾಜ್ಯದ ಇಂಥ ಕಾರ್ಯಕ್ರಮದ ಬಗ್ಗೆ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದಕ್ಕೆ ಸೇರಿದ್ದ ಮಕ್ಕಳು ಆರನೆಯ ತರಗತಿಯ ಹೊತ್ತಿಗೆ ಸೇರದಿದ್ದವರಿಗಿಂತ ಹಿಂದುಳಿದಿದ್ದರು. ಆದ್ದರಿಂದ ಬೋರ್ಡು ಬದಲಿಸಿ, ಸಮವಸ್ತ್ರ ತೊಡಿಸಿ, ನಾಲ್ಕು ವರ್ಷದ ಮಗುವಿನ ಕೈಗೆ ಕಾಪಿ ಬರೆಯಲು ಪೆನ್ಸಿಲ್ ಕೊಡುವ ಕೆಲಸಕ್ಕೆ ನಾನು ಹಣ ಕೇಳುತ್ತಿಲ್ಲ. ಆಡಿಸಿ ಕಲಿಸಬಲ್ಲ, ಮನೆಯ ಮಾತಿನಿಂದ ಶಾಲೆಯ ಮಾತಿಗೆ ಮಗುವನ್ನು ಕರೆತರಬಲ್ಲ ಶಿಕ್ಷಕಿಗಾಗಿ ಕೇಳುತ್ತಿದ್ದೇನೆ.

ದುಡ್ಡು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಸಭೆಯಲ್ಲಿ ಬಂದೇ ಬರುತ್ತದೆ. ರಾಜ್ಯದಲ್ಲಿ 70,000 ಅಂಗನವಾಡಿಗಳೆಂದು ಹಿಡಿದು, ಪ್ರತಿಯೊಂದಕ್ಕೂ ತಿಂಗಳಿಗೆ 15,000 ರೂಪಾಯಿಯ ಒಬ್ಬ ಶಿಕ್ಷಕಿಯನ್ನು ಕೊಟ್ಟರೆ ವರ್ಷಕ್ಕೆ 1,260 ಕೋಟಿ ರೂಪಾಯಿ ಆಗುತ್ತದೆ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಸುಮಾರು ಮೂವತ್ತೊಂದು ಪೈಸೆ. ಆ 15,000 ಕೂಡ ನ್ಯಾಯವಾದ ಸಂಬಳವಲ್ಲ, ಆರಂಭಕ್ಕೆ ಹಿಡಿದ ಲೆಕ್ಕವಷ್ಟೆ. ಕೇಂದ್ರವನ್ನು ಮಾತ್ರ ನೆಚ್ಚಿಕೊಂಡು ಕೂರಲಾಗದು: ಕಾರ್ಯಕರ್ತೆಯ ಗೌರವಧನವನ್ನು ಅದು 2018ರ ಅಕ್ಟೋಬರಿನಲ್ಲಿ 4,500 ರೂಪಾಯಿಗೆ ಏರಿಸಿದ ಮೇಲೆ ವರ್ಷಗಟ್ಟಲೆ ಅಲ್ಲೇ ನಿಲ್ಲಿಸಿತು. 2025ರ ಬಜೆಟ್ಟಿನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸಿದ್ದು ರಾಜ್ಯ ಸರ್ಕಾರವೇ. ಮನಸ್ಸು ಮಾಡಿದರೆ ಹಣ ಹೊಂದಿಸಬಹುದೆಂಬುದಕ್ಕೆ ಅದೇ ಸಾಕ್ಷಿ.

ಸಮಯದ ವಿಷಯವನ್ನೂ ಇದರೊಡನೆ ಸೇರಿಸಬೇಕು. ಶ್ರಾವಣದಲ್ಲಿ ಹೆಸರು ಬಿಡಿಸುವಾಗ, ಮುಂದೆ ಉಳ್ಳಾಗಡ್ಡಿ, ಮೆಣಸಿನಕಾಯಿಯ ಕೆಲಸ ಬಂದಾಗ, ಹೆಣ್ಣುಮಕ್ಕಳು ಬೆಳಗಾಗುತ್ತಲೇ ಟಂಟಂ ಹತ್ತಿ ಹೊಲಕ್ಕೆ ಹೋಗುತ್ತಾರೆ. ಅಂಗನವಾಡಿಯ ಬಾಗಿಲು ತೆರೆಯುವುದು ಒಂಬತ್ತೂವರೆಗೆ. ನಡುವಿನ ಹೊತ್ತಿಗೆ ಕೂಸನ್ನು ಎತ್ತಿಕೊಳ್ಳುವವಳು ನಾಲ್ಕನೆಯ ತರಗತಿಯ ಅಕ್ಕ, ಆಗ ಅವಳ ಶಾಲೆಯೂ ತಪ್ಪುತ್ತದೆ. ನರೇಗಾ ಕೂಲಿಕಾರ ತಾಯಂದಿರಿಗಾಗಿ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಸುಗ್ಗಿಯ ದಿನಗಳಲ್ಲಿ ಎಲ್ಲ ಕೂಲಿಕಾರರಿಗೂ ತೆರೆದು ಅಂಗನವಾಡಿಯೊಡನೆ ಜೋಡಿಸಿದರೆ ಒಂದೇ ಖರ್ಚಿನಲ್ಲಿ ಎರಡು ಮಕ್ಕಳ ಓದು ಉಳಿಯುತ್ತದೆ.

ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಮೂರರಿಂದ ಆರು ವರ್ಷದ ಪ್ರತಿ ಮಗುವಿಗೆ ಉಚಿತ ಶಾಲಾಪೂರ್ವ ಶಿಕ್ಷಣವನ್ನು ಸರ್ಕಾರದ ಕರ್ತವ್ಯವೆಂದು ಸಾರುವ, ಮಗುವಿನ ತಲೆಲೆಕ್ಕದಲ್ಲಿ ಅನುದಾನವನ್ನು ನಿಗದಿ ಮಾಡುವ ಮಸೂದೆಯೊಂದನ್ನು ಸಿದ್ಧಪಡಿಸಲು ಸಂಪುಟದಲ್ಲಿ ಪ್ರಸ್ತಾಪಿಸಬೇಕು. ಅದು ಕಾಯ್ದೆಯಾಗುವವರೆಗೆ ಕಾಯದೆ ಗದಗ ಜಿಲ್ಲೆಯಲ್ಲಿ, ತಾಂಡಾಗಳಿಂದ ಮೊದಲುಗೊಂಡು, ಎರಡನೆಯ ಶಿಕ್ಷಕಿಯ ವ್ಯವಸ್ಥೆಯನ್ನು ಆರಂಭಿಸಬೇಕು. ಅದಕ್ಕೂ ಮುಂಚೆ ಅಂಗನವಾಡಿ ಕಾರ್ಯಕರ್ತೆಯರನ್ನು, ಒಂದನೆಯ ತರಗತಿಯ ಶಿಕ್ಷಕರನ್ನು, ತಾಯಂದಿರನ್ನು ಒಟ್ಟಿಗೆ ಕರೆದು ತಾಲ್ಲೂಕಿಗೊಂದು ಸಭೆ ನಡೆಸಬೇಕು. ಆ ಸಭೆಗಳನ್ನು ಸಂಜೆ ಏಳರ ಮೇಲೆ ಇಡಿಸಿ. ಹಗಲು ಇಟ್ಟರೆ ಕೂಲಿ ಬಿಟ್ಟು ಬರಲು ತಾಯಂದಿರಿಗೆ ಆಗುವುದಿಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ರೋಣ ತಾಲ್ಲೂಕು, ಗದಗ ಜಿಲ್ಲೆ