ರೈಲು ಸಿಬ್ಬಂದಿಗೆ ಎಲ್ಲಾ ಕಡೆ ಒಂದೇ ರೂಲ್ಸ್ ಇರಲಿ

ಮಾನ್ಯ ಸಂಪಾದಕರೇ,

ಕೆನಡಾದಲ್ಲಿ ರೈಲು ಪ್ರಾಂತ್ಯದ ಗಡಿ ದಾಟುತ್ತೋ ಇಲ್ವೋ ಅನ್ನೋದರ ಮೇಲೆ ಅದರ ಸಿಬ್ಬಂದಿಗೆ ಯಾವ ಕಾನೂನು ಅಂತ ತೀರ್ಮಾನ ಆಗುತ್ತೆ, ಇದು ಬದಲಾಗ್ಬೇಕು. ಗಡಿ ದಾಟೋ ಸಿಎನ್, ಸಿಪಿಕೆಸಿ ತರದ ದೊಡ್ಡ ರೈಲು ಕಂಪನಿಗಳಿಗೆ ಫೆಡರಲ್ (ಅಂದ್ರೆ ಕೇಂದ್ರ ಸರ್ಕಾರದ) ರೈಲ್ವೆ ಸೇಫ್ಟಿ ಆಕ್ಟು, ಕೆನಡಾ ಲೇಬರ್ ಕೋಡು. ಒಂದೇ ಪ್ರಾಂತ್ಯದೊಳಗೆ ಓಡೋ ಸಣ್ಣ ಲೈನ್‌ಗಳಿಗೆ ಆಯಾ ಪ್ರಾಂತ್ಯದ ಕಾನೂನು. 2023ರಿಂದ ಗೂಡ್ಸ್ ಗಾಡಿ ಸಿಬ್ಬಂದಿಗೆ ಒಂದು ಸಲಕ್ಕೆ 12 ಗಂಟೆಗಿಂತ ಜಾಸ್ತಿ ಡ್ಯೂಟಿ ಹಾಕೋ ಹಾಗಿಲ್ಲ ಅಂತ ಫೆಡರಲ್ ನಿಯಮ ಇದೆ, ಆದ್ರೆ ಪ್ರಾಂತ್ಯದ ಲೈನಿಗೆ ಅದು ತಾನಾಗೇ ಅನ್ವಯ ಆಗಲ್ಲ. ತೂಕಡಿಕೆ ಏನು ಗಡಿ ನೋಡ್ಕೊಂಡು ಬರುತ್ತಾ?

ಫೆಡರಲ್ ಆದ ಮಾತ್ರಕ್ಕೆ ಎಲ್ಲಾ ಸರಿ ಅಂತಲೂ ಅಲ್ಲ ಬಿಡಿ. 2013ರ ಜುಲೈನಲ್ಲಿ ಕ್ವಿಬೆಕ್ ಪ್ರಾಂತ್ಯದ ಊರು ಲಾಕ್-ಮೆಗಾಂಟಿಕ್‌ನಲ್ಲಿ 47 ಜನ ಸತ್ತಿದ್ದು ಫೆಡರಲ್ ಲೈನ್‌ನಲ್ಲೇ, 72 ಕಚ್ಚಾ ತೈಲದ ಟ್ಯಾಂಕರ್ ಇದ್ದ ಗಾಡಿಗೆ ಒಬ್ಬನೇ ಡ್ರೈವರು, ಏಳೇ ಏಳು ಹ್ಯಾಂಡ್‌ಬ್ರೇಕು ಹಾಕಿ ಇಳಿಜಾರಲ್ಲಿ ನಿಲ್ಲಿಸಿ ಹೋಗಿದ್ದು, ರಾತ್ರಿ ಇಂಜಿನ್ ಆಫ್ ಆಗಿ ಏರ್‌ಬ್ರೇಕ್ ಸಡಿಲ ಆಗಿ ಗಾಡಿ ಊರೊಳಗೇ ನುಗ್ತು.

ಬ್ರಿಟಿಷ್ ಕೊಲಂಬಿಯಾ ಫೆಡರಲ್ ಸೇಫ್ಟಿ ಕಾನೂನಿನ ಎಷ್ಟೋ ಅಂಶಗಳನ್ನ ತನ್ನದಾಗಿಸಿಕೊಂಡಿದೆ. ಉಳಿದ ಪ್ರಾಂತ್ಯಗಳೂ ಕನಿಷ್ಠ ಡ್ಯೂಟಿ-ವಿಶ್ರಾಂತಿ ನಿಯಮವನ್ನಾದ್ರೂ ಹಾಗೇ ತಗೊಂಡು, ಅದನ್ನ ಚೆಕ್ ಮಾಡೋಕೆ ಬೇಕಾದಷ್ಟು ಇನ್ಸ್‌ಪೆಕ್ಟರ್‌ಗಳನ್ನ ಹಾಕಲಿ.

ಒಬ್ಬ ಓದುಗ, ಟೊರಾಂಟೊ