ವರದಿಯ ಕೊನೆಯ ಸಾಲನ್ನು ರೋಗಿಗೆ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ವರ್ಷ ನನ್ನ ಅಣ್ಣನಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯಾಯಿತು. ಅದಕ್ಕೂ ಮೊದಲು ಎದೆಯ ಎಕ್ಸ್‌ರೇ ತೆಗೆದಿದ್ದರು. ಏಳು ತಿಂಗಳ ಬಳಿಕ ಮಂಡಿನೋವಿಗೆಂದು ಬೇರೊಬ್ಬ ವೈದ್ಯರಲ್ಲಿಗೆ ಹೋದಾಗ, ಅವರು ಹಳೆಯ ಕಡತ ತಿರುವುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಇದಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿಸಿದಿರಾ?’ ಎಂದು ಕೇಳಿದರು. ಎದೆಯ ನಡುಭಾಗ ತುಸು ಅಗಲವಾಗಿದೆ, ಸ್ಕ್ಯಾನ್ ಆಗಬೇಕು ಎಂದು ಎಕ್ಸ್‌ರೇ ವರದಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಆಸ್ಪತ್ರೆಯಲ್ಲಿ ಯಾರೂ ನಮಗೆ ಹೇಳಿರಲಿಲ್ಲ. ಆ ಕಾಗದ ಏಳು ತಿಂಗಳು ನಮ್ಮ ಬೀರುವಿನಲ್ಲಿತ್ತು.

ಸ್ಕ್ಯಾನ್‌ನಲ್ಲಿ ಕಂಡದ್ದು ಥೈಮೋಮಾ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ ಬಾಲ್ಯದಲ್ಲಿ ರೋಗನಿರೋಧಕ ಕಣಗಳನ್ನು ಪಳಗಿಸಿ, ಹರೆಯದ ನಂತರ ಕುಗ್ಗುತ್ತಾ ಹೋಗುತ್ತದೆ. ಅದರಲ್ಲಿ ಹುಟ್ಟುವ ಈ ಗಡ್ಡೆ ಬಲು ಅಪರೂಪ. ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ 10 ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ. ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ, ಎಷ್ಟೋ ಜನರಿಗೆ ನೋವು, ಕೆಮ್ಮು ಏನೂ ಇರುವುದಿಲ್ಲ. ಅಣ್ಣನಿಗೂ ಇರಲಿಲ್ಲ. ಗಡ್ಡೆ ಸುತ್ತಲಿನ ಅಂಗಗಳಿಗೆ ಹಬ್ಬಿರಲಿಲ್ಲವಾದ್ದರಿಂದ ಪೂರ್ತಿ ತೆಗೆಯಲು ಸಾಧ್ಯವಾಯಿತು. ಈಗ ಅವನು ಚೇತರಿಸಿಕೊಳ್ಳುತ್ತಿದ್ದಾನೆ.

ನನ್ನನ್ನು ಈಗಲೂ ನಡುಗಿಸುವುದು ಇನ್ನೊಂದು ಸಂಗತಿ. ಥೈಮೋಮಾ ಇರುವವರಲ್ಲಿ ಸುಮಾರು ಮೂರನೆಯ ಒಂದು ಭಾಗ ಜನರಿಗೆ ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯವೂ ಇರುತ್ತದೆ. ಕಣ್ಣುರೆಪ್ಪೆ ಜೋಲುವುದು, ವಸ್ತುಗಳು ಎರಡೆರಡಾಗಿ ಕಾಣುವುದು, ಅಗಿಯುವಾಗ ದವಡೆ ಸೋಲುವುದು ಅದರ ಲಕ್ಷಣಗಳು. ಅಂಥವರಿಗೆ ಅರಿವಳಿಕೆಯ ಜೊತೆ ಕೊಡುವ ಸ್ನಾಯು ಸಡಿಲಿಸುವ ಔಷಧಿಯ ಪ್ರಭಾವ ಹೆಚ್ಚಾಗಿ, ಶಸ್ತ್ರಚಿಕಿತ್ಸೆಯ ನಂತರ ಉಸಿರಾಟಕ್ಕೇ ತೊಂದರೆಯಾಗಬಹುದು. ಅಣ್ಣನಿಗೆ ಆ ಕಾಯಿಲೆ ಇರಲಿಲ್ಲ, ಅದು ನಮ್ಮ ಪುಣ್ಯ. ಆದರೆ ಅರಿವಳಿಕೆ ಸುರಕ್ಷಿತವೇ ಎಂದು ತಿಳಿಯಲು ತೆಗೆದ ಎಕ್ಸ್‌ರೇ ವರದಿಯನ್ನೇ ಕೊನೆಯವರೆಗೆ ಓದದಿದ್ದರೆ ಅದನ್ನು ತೆಗೆಸಿದ್ದಾದರೂ ಏಕೆ?

ಆ ಸಾಲು ಬರೆದ ರೇಡಿಯಾಲಜಿಸ್ಟ್ ಯಾರೋ ತಿಳಿಯದು, ಅವರಿಗೆ ಕೈಮುಗಿಯುತ್ತೇನೆ. ಅವರು ಕಂಡದ್ದು ರೋಗಿಗೆ ತಲುಪುವ ದಾರಿ ಮಾತ್ರ ನಡುವೆಯೇ ಕಡಿದುಹೋಗಿತ್ತು. ಬಂದ ಕಾಯಿಲೆಗೆ ಸಂಬಂಧವಿಲ್ಲದ ಏನಾದರೂ ಪರೀಕ್ಷೆಯಲ್ಲಿ ಕಂಡರೆ, ಅದನ್ನು ಬಿಡುಗಡೆ ಪತ್ರದ ಮೊದಲ ಪುಟದಲ್ಲೇ ಕನ್ನಡದಲ್ಲಿ ಬರೆದು, ಮನೆಯವರಿಗೆ ಬಾಯಲ್ಲೂ ಹೇಳುವುದನ್ನು ಆರೋಗ್ಯ ಇಲಾಖೆ ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಲಿ. ವೈದ್ಯರ ನಡವಳಿಕೆಯ 2002ರ ನಿಯಮಗಳ ಪ್ರಕಾರ, ಕೇಳಿದ 72 ಗಂಟೆಗಳೊಳಗೆ ರೋಗಿಗೆ ದಾಖಲೆ ಕೊಡಬೇಕು. ಆದರೆ ತನ್ನೊಳಗೆ ಗಡ್ಡೆಯಿದೆ ಎಂದೇ ಗೊತ್ತಿಲ್ಲದವರು ಏನೆಂದು ಕೇಳಬೇಕು?

– ನಿವೃತ್ತ ಶಿಕ್ಷಕಿ, ತುಮಕೂರು