ಹೊಸಿಲ ಮುಂದಿನ ನಾಲ್ಕಡಿ

ಮೂಡಿಗೆರೆ

ಚಿ. ಸೌ. ಪಲ್ಲವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಹಾಸನದ ಹೊಸ ಮನೆ ಫೋಟೊ ನೋಡಿದೆ, ಅಚ್ಚುಕಟ್ಟಾಗಿದೆ. ಬಾಗಿಲ ಮುಂದಿನ ನಾಲ್ಕಡಿ ಜಾಗಕ್ಕೆ ನರ್ಸರಿಯಿಂದ ಎರಡು ಸಾವಿರದ ಗಿಡ ತರ್ತೀಯಂತೆ, ನಿಮ್ಮಮ್ಮ ಹೇಳಿದಳು. ತಡಿ ಮಾರಾಯ್ತಿ. ಮೊದಲು ಒಂದು ವಾರ ಅಲ್ಲಿ ಬಿಸಿಲು ಯಾವಾಗ ಬರುತ್ತೆ, ಎಷ್ಟು ಹೊತ್ತು ಇರುತ್ತೆ ನೋಡು.

ನೋಡದೆ ಕೆಟ್ಟವಳು ನಾನೇ. ಹೋದ ವರ್ಷ ಗಾಡಿಯಲ್ಲಿ ಬಂದವನಿಗೆ 300 ರೂಪಾಯಿ ಕೊಟ್ಟು ಮೈತುಂಬಾ ಮೊಗ್ಗಿದ್ದ ಗುಲಾಬಿ ತಗೊಂಡೆ. ಚಂದ ಕಾಣಲಿ ಅಂತ ಜಗಲಿಯ ನೆರಳಲ್ಲಿಟ್ಟೆ. ಮೊಗ್ಗೆಲ್ಲ ಉದುರಿ ತಿಂಗಳಿಗೆ ಬರೀ ಕಡ್ಡಿ. ಕಿತ್ತು ನೋಡಿದರೆ ಬೇರು ಅವನು ಬುಡಕ್ಕೆ ಕಟ್ಟಿ ಕೊಟ್ಟಿದ್ದ ತೆಂಗಿನ ನಾರಿನ ಮುದ್ದೆ ಬಿಟ್ಟು ಆಚೆ ಬಂದೇ ಇರಲಿಲ್ಲ. ನಿಮ್ಮ ದೊಡ್ಡಪ್ಪ ಈಗಲೂ ಆಡಿಕೊಳ್ತಾರೆ.

ನಿನ್ನ ಬಾಗಿಲು ಉತ್ತರಕ್ಕೆ. ಚಳಿಗಾಲದಲ್ಲಿ ನೇರ ಬಿಸಿಲು ಬೀಳೋದೇ ಇಲ್ಲ. ಮೇ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ವಾಲಿರ್ತಾನಲ್ಲ, ಆಗ ಸಂಜೆ ಬಿಸಿಲು ಓರೆಯಾಗಿ ಬಂದು ಎಲೆ ಸುಟ್ಟೀತು, ಗಿಡ ಒಳಗೆ ಸರಿಸು. ತುಳಸಿ ಅಲ್ಲಿ ಸೊರಗುತ್ತೆ, ಟೆರೇಸಿಗೆ ಒಯ್ಯಿ. ವಾಸ್ತು ಅಂತ ಓನರಮ್ಮ ಏನಾದರೂ ಅಂದರೆ ಹೂಂ ಅನ್ನು, ಸಾಕು.

ನೆರಳಿಗೆ ಮನಿಪ್ಲಾಂಟ್‌ನಂಥದ್ದು ಇನ್ನೊಂದಿಲ್ಲ. ಅದನ್ನ ದುಡ್ಡು ಕೊಟ್ಟು ತರಬೇಡ, ಪಕ್ಕದ ಮನೆಯವರನ್ನ ಕೇಳು. ಬಳ್ಳಿ ಕತ್ತರಿಸುವಾಗ ಗೆಣ್ಣು ನೋಡ್ಕೋ. ಎಲೆ ಬುಡದ ಹತ್ತಿರ ಕಂದು ಬಣ್ಣದ ಸಣ್ಣ ಮೊಳೆ ಥರ ಇರುತ್ತೆ, ಬೇರು ಬರೋದು ಅಲ್ಲಿಂದಲೇ. ಅದರ ಕೆಳಗೆ ಒಂದು ಬೆರಳು ಬಿಟ್ಟು ಕತ್ತರಿಸಿ, ಗೆಣ್ಣು ಮುಳುಗುವ ಹಾಗೆ ಹಾರ್ಲಿಕ್ಸ್ ಬಾಟಲಿಯ ನೀರಲ್ಲಿ ಇಡು. ಬರೀ ಎಲೆ ಕಿತ್ತು ನೀರಲ್ಲಿಟ್ಟು ವರ್ಷ ಕಾದರೂ ಬಳ್ಳಿ ಆಗಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸು. ಕುಂಡದ ಕೆಳಗಿನ ತಟ್ಟೆಯನ್ನೂ ಚೆಲ್ಲು. ಡೆಂಗಿ ಸೊಳ್ಳೆಗೆ ಅಂಥ ತಿಳಿನೀರೇ ಬೇಕು, ಮೊಟ್ಟೆ ಹಾರುವ ಸೊಳ್ಳೆಯಾಗೋಕೆ ಒಂದು ವಾರ, ಹತ್ತು ದಿನ ಸಾಕು.

ಬೇರು ಬಂದ ಮೇಲೆ ಬಳ್ಳಿಯನ್ನ ಕಿಟಕಿ ಗ್ರಿಲ್ಲಿಗೆ, ಪುಟ್ಟನ ಕೈಗೆ ಸಿಗದಷ್ಟು ಮೇಲೆ ಕಟ್ಟು. ಅದೂ ಕೆಸುವಿನ ಜಾತಿಯೇ. ಪತ್ರೊಡೆಗೆ ಹುಣಸೆಹುಳಿ ಕಮ್ಮಿ ಬಿದ್ದರೆ ಗಂಟಲು ಹೇಗೆ ತುರಿಸುತ್ತೆ ಗೊತ್ತಲ್ಲ, ಹಸಿ ಎಲೆ ಜಗಿದರೆ ಮಗುವಿನ ಬಾಯಿ ಉರಿದುಹೋಗುತ್ತೆ. ದೊಡ್ಡ ಎಲೆಯ ಮೇಲೆ ಬಿಳಿ ಮಚ್ಚೆಯ ಡಿಫೆನ್‌ಬೇಕಿಯಾ ಅಂತ ಮಾರ್ತಾರೆ, ಅದು ಇನ್ನೂ ಜೋರು, ಮನೆಗೇ ತರಬೇಡ. ಕೆಳಗಿಡೋಕೆ ಹುಲ್ಲಿನಂಥ ಉದ್ದ ಎಲೆಯ ಸ್ಪೈಡರ್ ಪ್ಲಾಂಟ್ ಒಳ್ಳೇದು, ಮಗು ಕಿತ್ತರೂ ಭಯವಿಲ್ಲ. ಕುಂಡದ ಅಂಚಿಂದ ಮರಿಗಿಡ ತಾನೇ ಜೋತಾಡುತ್ತೆ.

ಹೊಸಿಲಿನ ಎರಡೂ ಬದಿ ಕುಂಡ ನಿಲ್ಲಿಸಬೇಡ. ರಂಗೋಲಿ ಎಲ್ಲಿ ಹಾಕ್ತೀಯ? ಸಿಲಿಂಡರ್ ಹೊತ್ತು ಬರುವವನು ಕಾಲು ಎಲ್ಲಿಡಬೇಕು? ಎಲ್ಲ ಒಂದೇ ಮೂಲೆಗೆ ಸೇರಿಸು, ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ.

ಕುಂಡಕ್ಕೂ ಖರ್ಚು ಬೇಡ. ಓನರ್ ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಖಾಲಿ ಪೇಂಟ್ ಬಕೆಟ್ ಮೆಟ್ಟಿಲ ಕೆಳಗೆ ಬಿದ್ದಿವೆ ಅಂದಿದ್ದೆಯಲ್ಲ, ಕೇಳಿ ಮೂರು ಇಸಕೊಂಡು ಚೆನ್ನಾಗಿ ತೊಳಿ. ಮೊಳೆ ಕಾಯಿಸಿ ತಳಕ್ಕೆ ಐದಾರು ತೂತು ಹಾಕಿಸಿಡು. ಗೌರಿ ಹಬ್ಬಕ್ಕೆ ದೊಡ್ಡಪ್ಪ ಬರುವಾಗ ಕೊಟ್ಟಿಗೆ ಗೊಬ್ಬರ, ಕೊಳೆತ ಕಾಫಿ ಸಿಪ್ಪೆ ಒಂದೊಂದು ಚೀಲ ಕಳಿಸ್ತೀನಿ. ಸ್ಪೈಡರ್ ಮರಿಯೂ ಇರುತ್ತೆ, ಒದ್ದೆ ಪೇಪರಲ್ಲಿ ಸುತ್ತಿರ್ತೀನಿ, ಬಂದ ದಿನವೇ ನೆಡು.

ಇಂತು,
ನಿನ್ನ ದೊಡ್ಡಮ್ಮ